ಸದ್ದಿಲ್ಲದ ಸೈಕಲ್ಲು

"ತಪ್ಪು ನಂದೇ ಕಣಮ್ಮ," ಎಂದರು ಶ್ರೀಕಂಠಯ್ಯ, ಸೈಕಲ್ಲನ್ನು ಅಂಗಡಿಯ ಕಂಬಕ್ಕೆ ಒರಗಿಸುತ್ತಾ. "ನೀನು ಮಾಡಿಕೊಟ್ಟ ಕೆಲಸದ ಮೇಲೆ ನಾನು ಕೈಯಾಡಿಸಬಾರದಿತ್ತು."

ಪಂಕ್ಚರ್ ಹುಡುಕುತ್ತಿದ್ದ ಟ್ಯೂಬನ್ನು ನೀರಿನ ಬಾಣಲೆಯಲ್ಲೇ ಬಿಟ್ಟು ಕರಿಬಸಮ್ಮ ತಲೆಯೆತ್ತಿದಳು. ಮುದುಕರ ಎಡಗೈಗೆ ಬ್ಯಾಂಡೇಜು ಸುತ್ತಿತ್ತು. ಗದ್ದದ ಮೇಲೆ ತರಚಿದ ಗಾಯ ಒಣಗಿ ಕಪ್ಪಾಗಿತ್ತು. ಅವರ ಹಿಂದೆಯೇ ಅಂಜನಮೂರ್ತಿ ಸ್ಕೂಟರು ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದ.

"ಅಯ್ಯೋ, ಏನಾಯ್ತು ಸಾರ್?"

"ಆಗೋದೇನು, ಬಿದ್ರು," ಎಂದ ಅಂಜನಮೂರ್ತಿ. "ಭಾನುವಾರ ಎಲ್ಲಾ ಗುಬ್ಬಿಗೆ ಹೊರಟಿದ್ವಲ್ಲ. ಒಳ್ಳೆ ಚಳಿ ಬೇರೆ. ದಿಬ್ಬ ಬಂತು, ಇವರು ಎದ್ದು ನಿಂತ್ಕೊಂಡು ತುಳಿದ್ರು. ಪೆಡಲ್ಲು ಹಿಡಿತಾನೇ ಇಲ್ಲದಂಗೆ ಗರ್ರಂತ ತಿರುಗಿಬಿಡ್ತು. ಹ್ಯಾಂಡಲ್ ಮೇಲೆ ಹೋಗಿ ಬಿದ್ರು. ಹಿಂದೆ ಬರ್ತಿದ್ದ ಲಾರಿಯವನು ಪುಣ್ಯಾತ್ಮ, ಬ್ರೇಕ್ ಹಾಕ್ದ."

ಕರಿಬಸಮ್ಮನ ಕಣ್ಣು ಸೈಕಲ್ಲಿನ ಹಿಂದಿನ ಚಕ್ರದ ಕಡೆಗೆ ಹೋಗಿ, ಅಲ್ಲಿ ನಿಲ್ಲಲಾರದೆ ವಾಪಸು ಬಂತು.

ತುಳಿದಾಗ ಚಕ್ರವನ್ನು ಹಿಡಿಯುವುದು ಚೈನು ಕೂರುವ ಹಲ್ಲುಗಾಲಿಯ, ಅಂದರೆ ಫ್ರೀವೀಲಿನ, ಒಳಗಿರುವ ಎರಡು ಸಣ್ಣ ಉಕ್ಕಿನ ನಾಲಿಗೆಗಳು. ತುಳಿಯುತ್ತಿರುವಷ್ಟು ಹೊತ್ತು ಅವು ಮಾತಿಲ್ಲದೆ ಕಚ್ಚಿಕೊಂಡಿರುತ್ತವೆ. ತುಳಿಯುವುದನ್ನು ನಿಲ್ಲಿಸಿದರೆ, ಇಲ್ಲವೇ ಸೈಕಲ್ಲನ್ನು ತಳ್ಳಿಕೊಂಡು ಹೋದರೆ, ಟಿಕ್ ಟಿಕ್ ಎನ್ನುತ್ತವೆ. ಅವುಗಳಿಗೆ ಬೇಕಾದ್ದು ನಾಲ್ಕು ಹನಿ ತೆಳು ಎಣ್ಣೆ, ಅಷ್ಟೇ. ಮಂದ ಗ್ರೀಸು ತುಂಬಿದರೆ ಚಳಿಗೆ ಅದು ಇನ್ನೂ ಬಿಗಿದುಕೊಂಡು, ನಾಲಿಗೆಗಳು ಮಲಗಿದಲ್ಲೇ ಮಲಗಿಬಿಡುತ್ತವೆ, ಪೆಡಲ್ಲು ಸುಮ್ಮನೆ ತಿರುಗುತ್ತದೆ. ಬಟವಾಡಿಯಲ್ಲಿ ಈ ಅಂಗಡಿ ಹಾಕಿದ ಗಂಡ ಅಡವಿಯಪ್ಪ ಇದನ್ನು ಅವಳಿಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದ.

ಇನ್ನೊಂದನ್ನೂ ಹೇಳಿಕೊಟ್ಟಿದ್ದ. ಸವೆದ ಸೈಕಲ್ಲು ಕಟಕಟ ಅಂದರೆ ಗಿರಾಕಿ ಮೂಗು ಮುರಿಯುತ್ತಾನೆ. ಅದಕ್ಕೆ ಲಾರಿಗೆ ಹಾಕುವ ಚಾಸಿ ಗ್ರೀಸನ್ನು ಫ್ರೀವೀಲಿಗೆ ತುರುಕಿಬಿಡು, ಹೊಸ ಮದುವಣಗಿತ್ತಿಯ ಹಾಗೆ ಸುಮ್ಮನಿರುತ್ತೆ. ಹೇಳಿ ನಕ್ಕಿದ್ದ. "ಇದು ಮಾರೋಕೆ ಕಣೇ, ಓಡ್ಸೋಕಲ್ಲ." ಹಳೇ ಸೈಕಲ್ಲು ಕೊಂಡವನು ಮನೆ ಸೇರಿ ವಾರಕ್ಕೆ ವಾಪಸು ಬಂದರೆ ಅದನ್ನೆಲ್ಲ ತೊಳೆದು ಎಣ್ಣೆ ಬಿಟ್ಟು ಕಳಿಸುತ್ತಿದ್ದ. ಅಡವಿಯಪ್ಪ ಹೋದ ಮೇಲೆ ಅವಳು ಆ ಆಟ ಆಡಿರಲಿಲ್ಲ. ಆಡುವುದಕ್ಕೆ ಮಾರುವ ಸೈಕಲ್ಲೇ ಇರಲಿಲ್ಲ. ಗೇರಿನ ಸೈಕಲ್ಲುಗಳೆಲ್ಲ ಹೈವೇ ಬದಿಯ ಗಾಜಿನ ಅಂಗಡಿಗೆ ಹೋಗುತ್ತಿದ್ದವು. ಇವಳಿಗೆ ಉಳಿದದ್ದು ಪಂಕ್ಚರು, ಗಾಳಿ.

ಹಾಗಿರುವಾಗ ಈ ಅಂಜನಮೂರ್ತಿ ಬಂದದ್ದು. ಟೈಲ್ಸ್ ಅಂಗಡಿಯವನು, ಹಳೇ ಸೈಕಲ್ಲಿನ ಹುಚ್ಚು. ಅವನಂಥವರದೇ ಒಂದು ಗುಂಪು. ಅಷ್ಟೂ ಜನರ ಸೈಕಲ್ಲನ್ನು ಒಂದೇ ಅಂಗಡಿಗೆ ವಹಿಸುವುದು, ಮೊದಲು ಗುಂಪಿನ ಶ್ರೀಕಂಠಯ್ಯನವರದನ್ನು ಮಾಡಿಸಿ ಇವಳ ಕೈ ಹೇಗಿದೆ ನೋಡುವುದು ಅಂತ ಮಾತಾಗಿತ್ತು. ಅವನು ಕೈ ನೋಡುವ ಬಗೆ ಎಂದರೆ ಕಿವಿ. ಹಿಂದಿನ ಚಕ್ರ ಎತ್ತಿ, ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಶ್ರೀಕಂಠಯ್ಯನವರ ಫ್ರೀವೀಲು ಅವರ ತಂದೆಯ ಕಾಲದ್ದು, ಸವೆದು ಹುರಿಗಡಲೆ ಅಗಿದಂತೆ ಸದ್ದು ಮಾಡುತ್ತಿತ್ತು. ಅದಕ್ಕೆ ಹೊಂದುವ ಬೇರೊಂದು ಸಿಗುವುದು ಕಷ್ಟ. ಕರಿಬಸಮ್ಮ ಮೂಲೆಯಲ್ಲಿದ್ದ ಗ್ರೀಸಿನ ಡಬ್ಬದ ಮುಚ್ಚಳ ತೆಗೆದಿದ್ದಳು. ಸತ್ಯಮಂಗಲದ ಲಾರಿ ಗ್ಯಾರೇಜಿನಿಂದ ಯಾವತ್ತೋ ತಂದದ್ದು, ಬೆಲ್ಲದ ಪಾಕದಷ್ಟು ಅಂಟು.

ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದ ಶ್ರೀಕಂಠಯ್ಯ ಬಗ್ಗಿ ನೋಡಿ ಕೇಳಿದ್ದರು: "ಅಲ್ಲಿಗೆ ಎಣ್ಣೆ ಅಲ್ವೇನಮ್ಮಾ? ನಮ್ಮ ತಂದೆ ಎಣ್ಣೆ ಬಿಡ್ತಿದ್ದ ನೆನಪು."

"ನಿಮ್ಮಪ್ಪಾರ ಕಾಲ ಹೋಯ್ತು ಬುಡಿ ಸಾರ್," ಎಂದಿದ್ದಳು ಕರಿಬಸಮ್ಮ. "ನೀವು ಓಡ್ಸೋದ್ ನೋಡ್ಕಳಿ, ಒಳಗಿಂದು ನಾನ್ ನೋಡ್ಕತೀನಿ." ಗಾಳಿ ಹಾಕಿಸಲು ನಿಂತಿದ್ದವರು ನಕ್ಕಿದ್ದರು. ಮುದುಕರೂ ಅವರ ಜೊತೆ ಸೇರಿ ನಕ್ಕಿದ್ದರು.

ಈಗ ಅದೇ ಸ್ಟೂಲಿನ ಮೇಲೆ ಕೂತು ಅವರು ಹೇಳಿದರು: "ಮನೆಗೆ ತಗೊಂಡು ಹೋದ್ನಾ, ಮನಸ್ಸು ತಡೀಲಿಲ್ಲ. ನಮ್ಮ ಸೊಸೆ ಕೌಸಲ್ಯನ ಹೊಲಿಗೆ ಮಿಷನ್ ಎಣ್ಣೆ ಇತ್ತು. ಒಂದೆರಡು ಹನಿ ಬಿಟ್ಟೆ. ನೀನು ಹಾಕಿದ್ದ ಗ್ರೀಸೆಲ್ಲ ಅದರಿಂದ ಕೆಟ್ಟೋಯ್ತು ಅನ್ಸುತ್ತೆ."

"ಅನ್ಸುತ್ತೆ ಏನು, ಅದೇ ಆಗಿರೋದು," ಎಂದ ಅಂಜನಮೂರ್ತಿ. "ನಾನ್ ಕಿವಿಯಾರೆ ಕೇಳಿದೀನಲ್ಲ, ಬೆಣ್ಣೆ ಇದ್ದಂಗಿತ್ತು ಚಕ್ರ. ಕರಿಬಸಮ್ಮಾರೇ, ನಾಳೆ ನಮ್ಮೋರ ಸೈಕಲ್ಲೆಲ್ಲ ಆಟೋದಲ್ಲಿ ಕಳಿಸ್ತೀನಿ. ಎಲ್ಲಕ್ಕೂ ಅದೇ ಗ್ರೀಸು. ಒಂದೂ ಸದ್ದು ಮಾಡಬಾರದು."

"ಎಣ್ಣೆಯಿಂದ ಹಂಗಾಗಲ್ಲ ಸಾರ್," ಎಂದಳು ಕರಿಬಸಮ್ಮ. "ಗ್ರೀಸು... ಒಂಚೂರು ಜಾಸ್ತಿ ಆಗಿತ್ತೇನೋ."

"ಛೆ ಛೆ, ಅದನ್ನ ನಿನ್ನ ಮೇಲೆ ಹಾಕ್ಕೋಬೇಡ," ಎಂದರು ಮುದುಕರು. "ನೀನು ಕೆಲಸ ಮಾಡೋದನ್ನ ಪಕ್ಕದಲ್ಲಿ ಕೂತು ನೋಡಿಲ್ವಾ ನಾನು? ಬಿಡು. ಇನ್ನೊಂದ್ಸಲ ಸರಿಮಾಡಿ ಮೂರ್ತಿ ಕೈಗೆ ಕೊಟ್ಬಿಡು. ಅವನಿಗೇ ಕೊಡ್ತಾ ಇದೀನಿ."

"ಕೊಡ್ತಾ ಇದೀರಾ?"

"ಮನೇಲಿ ಒಪ್ತಾ ಇಲ್ಲಮ್ಮ. ನನಗೂ ಅನ್ನಿಸ್ತು, ಎಲ್ಲಿಗೆ ಏನು ಹಾಕಬೇಕು ಅನ್ನೋದೇ ಮರೆತೋಗೋ ವಯಸ್ಸಾಯ್ತಲ್ಲ, ಇನ್ನು ರೋಡಿಗೆ ಇಳೀಬಾರದು ಅಂತ." ಅವರು ಬಲಗೈಯಿಂದ ಸೈಕಲ್ಲಿನ ಮುಂದಿನ ಕಂಬಿಯನ್ನು ಸವರಿದರು. ಕುಣಿಗಲ್ ಕೆರೆಯ ಏರಿಯ ಮೇಲೆ ಆ ಕಂಬಿಗೆ ಟವೆಲು ಸುತ್ತಿ ಅಪ್ಪ ತಮ್ಮನ್ನು ಕೂರಿಸಿಕೊಂಡು ಹೋಗುತ್ತಿದ್ದ ಕಥೆಯನ್ನು ಹೋದ ಸಲ ಎರಡು ಬಾರಿ ಹೇಳಿದ್ದರು. ಈ ಸಲ ಹೇಳಲಿಲ್ಲ.

ಕರಿಬಸಮ್ಮ ಎದ್ದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದಳು. ನಟ್ಟು ಸಡಿಲಿಸಿ ಹಿಂದಿನ ಚಕ್ರ ಬಿಡಿಸಿದಳು. ಫ್ರೀವೀಲನ್ನು ಕಳಚಿ, ಒಳಗಿನ ಬೇರಿಂಗ್ ಗುಂಡುಗಳು ಉರುಳಿ ಹೋಗದಂತೆ ಊಟದ ತಟ್ಟೆಯೊಂದರಲ್ಲಿ ಇಟ್ಟುಕೊಂಡು, ಉಳಿಯಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಅಂಗಡಿಯ ಹಿಂದಿನ ಕತ್ತಲಲ್ಲಿ ಕೂತು ಮಾಡಬಹುದಿತ್ತು. ಅಲ್ಲೇ ತೊಳೆದು, ಎಣ್ಣೆ ಬಿಟ್ಟು ಮುಗಿಸಿಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಕೈ ಆ ಕಡೆಗೆ ಒಮ್ಮೆ ಎಳೆದದ್ದೂ ನಿಜ. ಅವಳು ತಟ್ಟೆಯನ್ನು ತಂದು ಇಬ್ಬರ ನಡುವೆ ನೆಲದ ಮೇಲಿಟ್ಟಳು.

"ನೋಡಿ ಸಾರ್."

ಮುಚ್ಚಳ ಬಿಚ್ಚಿಕೊಂಡ ಫ್ರೀವೀಲಿನೊಳಗೆ ಕಂದು ಗ್ರೀಸು ಹೆಪ್ಪುಗಟ್ಟಿ ಕೂತಿತ್ತು. ಗುಂಡುಗಳೂ ಕಾಣಿಸುತ್ತಿರಲಿಲ್ಲ. ಸೂಜಿಯಿಂದ ಅವಳು ಒಂದು ನಾಲಿಗೆಯನ್ನು ಒತ್ತಿ ಬಿಟ್ಟಳು. ಅದು ಒತ್ತಿದಲ್ಲೇ ಉಳಿಯಿತು. ಒಂದು ಕಡೆ, ಅಂಚಿನಲ್ಲಿ ಮಾತ್ರ, ಹೊಲಿಗೆ ಮಿಷನ್ನಿನ ಎಣ್ಣೆ ಒಳಗೆ ಹೋಗಲು ದಾರಿ ಸಿಗದೆ ತೆಳ್ಳಗೆ ಹೊಳೆಯುತ್ತಿತ್ತು.

"ನೀವು ಬಿಟ್ಟ ಎಣ್ಣೆ ಒಳಕ್ಕೇ ಇಳ್ದಿಲ್ಲ. ಇಳ್ದಿದ್ರೆ ಬೀಳ್ತಿರ್ಲಿಲ್ಲ. ಇದು ಸವೆದೋಗಿರೋ ಸೈಕಲ್ ಮಾರೋವಾಗ ತುಂಬೋ ಗ್ರೀಸು. ಸದ್ದು ಮುಚ್ಚೋಕೆ. ಗೊತ್ತಿದ್ದೇ ತುಂಬಿದ್ದು ನಾನು."

ಹೊರಗೆ ಸಿಟಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಅಂಜನಮೂರ್ತಿ ತಟ್ಟೆಯನ್ನು ನೋಡಿದ, ಅವಳನ್ನು ನೋಡಿದ. "ಅಂದ್ರೆ ನಾನು ಕಣ್ ಮುಚ್ಕೊಂಡು ಕೇಳ್ತಾ ಇದ್ದಾಗ ನೀವು ಪಕ್ಕದಲ್ಲಿ ನಿಂತ್ಕೊಂಡು ನಗ್ತಿದ್ರಿ?"

"ನಗ್ತಿರ್ಲಿಲ್ಲ. ಹೆದ್ರುತಿದ್ದೆ."

"ಲಾರಿ ಬರ್ತಿತ್ತು ಕಣ್ರೀ ಹಿಂದೆ!" ಅವನು ಹೆಲ್ಮೆಟ್ ಎತ್ತಿಕೊಂಡ. "ನಾಳೆ ಸೈಕಲ್ ಬರಲ್ಲ. ಬನ್ನಿ ಸಾರ್, ಮನೆಗೆ ಬಿಡ್ತೀನಿ."

"ನೀನು ನಡಿ ಮೂರ್ತಿ," ಎಂದರು ಶ್ರೀಕಂಠಯ್ಯ, ತಟ್ಟೆಯಿಂದ ಕಣ್ಣು ತೆಗೆಯದೆ. ಸ್ಕೂಟರು ಹೋಯಿತು.

ಬೈಯಲಿ ಎಂದು ಕರಿಬಸಮ್ಮ ಕಾದಳು. ಬೈದರೆ ತಲೆ ಬಗ್ಗಿಸಿಕೊಂಡು ಕೇಳಬಹುದಿತ್ತು. ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಅವಳು ಸೀಮೆಎಣ್ಣೆಯಲ್ಲಿ ಒಂದೊಂದೇ ಗುಂಡು ತೊಳೆದಳು, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ನಾಲಿಗೆಗಳ ಸಂದು ತಿಕ್ಕಿದಳು. ಎಣ್ಣೆ ಡಬ್ಬಿಗೆ ಕೈ ಹಾಕಿದಾಗ ಮುದುಕರು ಜುಬ್ಬದ ಜೇಬಿನಿಂದ ಒಂದು ಸಣ್ಣ ಬಾಟಲಿ ತೆಗೆದು ಅವಳ ಮುಂದೆ ಇಟ್ಟರು. ಹೊಲಿಗೆ ಮಿಷನ್ ಎಣ್ಣೆ. ತಮ್ಮ ತಪ್ಪಿಗೆ ಸಾಕ್ಷಿಯಾಗಿ ತೋರಿಸಲೆಂದು ತಂದಿದ್ದರು. ಅವಳು ಅದರಿಂದಲೇ ನಾಲ್ಕು ಹನಿ ಬಿಟ್ಟಳು.

ಚಕ್ರ ಕೂಡಿಸಿ ಸೈಕಲ್ಲನ್ನು ನೇರ ನಿಲ್ಲಿಸಿದಾಗ ಅವರು ಎದ್ದು, ಬ್ಯಾಂಡೇಜಿನ ಕೈಯಿಂದಲೇ ಹ್ಯಾಂಡಲ್ ಹಿಡಿದರು.

"ಮೂರ್ತಿಯೋರಿಗೆ ಕೊಡಬ್ಯಾಡಿ ಸಾರ್," ಎಂದಳು ಕರಿಬಸಮ್ಮ. ಅದನ್ನು ಹೇಳುವ ಹಕ್ಕು ತನಗೆಲ್ಲಿದೆ ಎಂದು ಹೇಳಿದ ಮೇಲೆ ಹೊಳೆಯಿತು.

ಅವರು ಸೈಕಲ್ಲನ್ನು ತಳ್ಳಿಕೊಂಡು ಮೆಟ್ಟಿಲಿಳಿದರು. ಹುರಿಗಡಲೆ ಅಗಿಯುವ ಆ ಸದ್ದು ಎದ್ದಿತು, ಟಿಕ್ ಟಿಕ್ ಟಿಕ್ ಟಿಕ್, ಕ್ಲಿನಿಕ್ಕಿನ ಮುಂದೆ, ಎಳನೀರು ಗಾಡಿಯ ಮುಂದೆ, ಸಂದಿಯ ತಿರುವಿನವರೆಗೆ. ಕೈಗಂಟಿದ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಾ ಕರಿಬಸಮ್ಮ ಒಳಗೇ ನಿಂತು ಕೇಳುತ್ತಿದ್ದಳು. ಬಾಗಿಲಿಗೆ ಬಂದು ನೋಡಲು ಮುಖವಿರಲಿಲ್ಲ.

ತಿರುವು ದಾಟಿದ ಮೇಲೆ ಸದ್ದು ಒಮ್ಮೆಲೇ ನಿಂತಿತು. ಅವಳು ಒರೆಸುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಮತ್ತೆ ಕೇಳಿಸಲಿಲ್ಲ. ತಳ್ಳಿಕೊಂಡೇ ಹೋಗುತ್ತಿದ್ದರೆ ಕೇಳಿಸಬೇಕಿತ್ತು.