ಹನ್ನೊಂದು ವಾರದ ನೌಕರಿ

"ಹಿಡೀರಿ, ಹಿಡೀರಿ! ಬಿಡಬೇಡಿ!" ಎಂದು ಅಣ್ಣ ಕೂಗಿದರು.

ಬಿಟ್ಟಿದ್ದರೂ ಬೀಳುವ ಹಾಗಿರಲಿಲ್ಲ. ಅವರ ತಂಗಿಯ ಶವಪೆಟ್ಟಿಗೆ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಒಂದು ಮೂಲೆ ಗೋಡೆಗೆ, ಇನ್ನೊಂದು ಮೂಲೆ ಕಂಬಿಗೆ ಒತ್ತಿಕೊಂಡು ಗಟ್ಟಿಯಾಗಿ ಕೂತುಬಿಟ್ಟಿತ್ತು. ಕಟ್ಟಡದಲ್ಲಿ ಲಿಫ್ಟ್ ಇತ್ತು, ಆದರೆ ಅದರಲ್ಲಿ ನಾಲ್ಕು ಜನ ನಿಂತರೆ ಐದನೆಯವರು ಉಸಿರಾಡುವಂತಿಲ್ಲ; ಪೆಟ್ಟಿಗೆ ಹಿಡಿಸುವ ಮಾತೇ ಇಲ್ಲ. ಹೊತ್ತವರು ನಾಲ್ವರೂ ಬೆವರಿ ನೀರಾಗಿದ್ದರು. ಅಣ್ಣನಿಗೆ ಎಪ್ಪತ್ತು ವರ್ಷ. ಕೆಳಗಿನ ಮೆಟ್ಟಿಲ ಮೇಲೆ ನಿಂತು, ಕೈಗಡಿಯಾರ ನೋಡಿಕೊಳ್ಳುತ್ತ, ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು.

"ಜೀವಮಾನದಲ್ಲಿ ಒಂದು ಕಡೆ ನಿಲ್ಲದವಳು, ಇವತ್ತು ನಿಂತುಬಿಟ್ಟಳು ನೋಡಿ," ಎಂದರು ಎದುರುಮನೆಯ ಮುದುಕರು.

ಅಣ್ಣನ ಮಗಳು ಮಾತ್ರ ಕಿಸಕ್ಕನೆ ನಕ್ಕಳು. ಅಳುತ್ತಲೇ ನಕ್ಕಳು. ಅಣ್ಣ ಕಣ್ಣು ಬಿಟ್ಟರು.

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಬೊಕ್ಕತಲೆಯ, ಬೀರುವಿನಷ್ಟು ಅಗಲದ ಮನುಷ್ಯ ಏದುಸಿರು ಬಿಡುತ್ತ ಹತ್ತಿ ಬಂದ. ಯಾರನ್ನೂ ಕೇಳಲಿಲ್ಲ. ಗೋಡೆಯನ್ನು ಒಮ್ಮೆ, ಕಂಬಿಯನ್ನು ಒಮ್ಮೆ ನೋಡಿದ.

"ತಳ್ಳಬೇಡಿ. ಕಾಲಿನ ಕಡೆ ಕೆಳಗಿಳಿಸಿ. ಇನ್ನೂ. ಈಗ ತಲೆ ಕಡೆಯವರು ಎತ್ತಿ, ಕಂಬಿ ಮೇಲಿಂದ ಆಚೆಗೆ ತನ್ನಿ. ಹೆದರಬೇಡಿ, ನಾನು ಹಿಡಿದಿದ್ದೀನಿ. ಹಾಂ, ತಿರುಗಿಸಿ."

ಪೆಟ್ಟಿಗೆ ಬೆಣ್ಣೆಯ ಹಾಗೆ ತಿರುಗಿತು.

"ಈ ಉಪಾಯ ಹೇಳಿಕೊಟ್ಟವರೇ ಇವರು ಸಾರ್," ಎಂದು ಆತ ಪೆಟ್ಟಿಗೆಯ ಕಡೆ ತಲೆಯಾಡಿಸಿದ. "ಮನೆ ಸಾಮಾನು ಸಾಗಿಸೋ ಕಂಪನಿಲಿ ಇದ್ದರಲ್ಲ, ಐದು ತಿಂಗಳು. ಬಿಟ್ಟು ಹೋಗುವಾಗ ಆ ಜಾಗಕ್ಕೆ ನನ್ನನ್ನ ತಯಾರು ಮಾಡಿ ಹೋದರು. ಆ ಕುರ್ಚೀಲಿ ಕೂತು ನಲವತ್ತು ವರ್ಷ ಆಯ್ತು. ಇನ್ನೂ ಎದ್ದಿಲ್ಲ!"

"ಓಹೋ," ಎಂದರು ಅಣ್ಣ.

*

ಮನೆಯಲ್ಲಿ ತಂಗಿಯನ್ನು ಎಲ್ಲರೂ 'ಚಕ್ರ' ಎಂದೇ ಕರೆಯುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಜ್ಜಿ ಇಟ್ಟ ಹೆಸರು. ಇಪ್ಪತ್ತೆರಡನೇ ವಯಸ್ಸಿಗೆ ದುಡಿಯಲು ಹೊರಟವಳು ಏಳು ವರ್ಷದಲ್ಲಿ ಎಂಟು ಕೆಲಸ ಹಿಡಿದು, ಎಂಟನ್ನೂ ಬಿಟ್ಟಳು. ಗಡಿಯಾರದ ಅಂಗಡಿಯಿಂದ ಒಂಬತ್ತೇ ದಿನಕ್ಕೆ ಹೊರಗಟ್ಟಿದರು. ರಿಪೇರಿಗೆ ಬಂದ ಗಿರಾಕಿಗೆ, "ನಿಮ್ಮ ಗಡಿಯಾರ ಚೆನ್ನಾಗೇ ಇದೆ, ಕೀ ಕೊಡಿ ಸಾಕು," ಎಂದುಬಿಟ್ಟಿದ್ದಳಂತೆ. ಮಿಕ್ಕ ಏಳನ್ನು ತಾನಾಗಿಯೇ ಬಿಟ್ಟಳು. ಅಣ್ಣ ನೀರು ಸರಬರಾಜು ಕಚೇರಿಯ ಟಪಾಲು ವಿಭಾಗಕ್ಕೆ ಇಪ್ಪತ್ತೆರಡಕ್ಕೆ ಸೇರಿ, ಅದೇ ಕಿಟಕಿಯ ಪಕ್ಕದ ಅದೇ ಮೇಜಿನಿಂದ ಅರವತ್ತಕ್ಕೆ ಎದ್ದವರು. ಅವರಿಗೆ ಇದು ತಲೆತಗ್ಗಿಸುವ ಸಂಗತಿಯಾಗಿತ್ತು. "ತಂಗಿ ಏನ್ಮಾಡ್ತಿದ್ದಾಳೆ?" ಎಂದು ಯಾರಾದರೂ ಕೇಳಿದರೆ, "ಇವತ್ತಿನ ಮಟ್ಟಿಗೆ ತಾನೇ?" ಎಂದು ತಿರುಗಿ ಕೇಳುತ್ತಿದ್ದರು.

ಒಂದು ಸಲ ಅವಳನ್ನು ದಾರಿಗೆ ತರಲೂ ನೋಡಿದ್ದರು. ಕೈಕಾಲು ಹಿಡಿದು ತಮ್ಮ ಕಚೇರಿಯಲ್ಲೇ ಕೆಲಸ ಕೊಡಿಸಿದರು. ಅದು ಅವಳ ಆರನೇ ಕೆಲಸ. ಹನ್ನೊಂದು ವಾರ ತಲೆಬಗ್ಗಿಸಿಕೊಂಡು ದುಡಿದಳು. ಹನ್ನೊಂದನೇ ವಾರದ ಕೊನೆಗೆ ಖಾಯಂ ಮಾಡಿದ ಪತ್ರ ಬಂತು. ಅಣ್ಣ ಇಡೀ ವಿಭಾಗಕ್ಕೆ ಚಹಾ ತರಿಸಿದರು. ಚಹಾ ಆರುವ ಮೊದಲೇ ಅವಳು ರಾಜೀನಾಮೆ ಬರೆದು ಮೇಲಧಿಕಾರಿಯ ಮುಂದೆ ಇಟ್ಟು ಬಂದಿದ್ದಳು.

"ಹುಚ್ಚು ಹಿಡಿದಿದೆಯೇನೇ ನಿನಗೆ? ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆಯಲ್ಲೇ!"

"ಹೊಟ್ಟೆಗೆ ಹಾಕ್ಕೋ ಅಣ್ಣ. ಒಂದು ದಿನ ಹೇಳ್ತೀನಿ."

ಹೇಳುತ್ತಲೇ ಅವಳು ನೆಲಕ್ಕೆ ಮೊಣಕಾಲೂರಿದಳು. ಅಣ್ಣನ ಮೇಜಿನ ಒಂದು ಕಾಲು ಗಿಡ್ಡ. ಬರೆಯುವಾಗಲೆಲ್ಲ ಟಕ್ ಟಕ್ ಎನ್ನುತ್ತಿತ್ತು. ಖಾಯಂ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನಡಿ ತುರುಕಿದಳು. ಎದ್ದು, ಅಂಗೈಯಿಂದ ಮೇಜನ್ನು ಅದುಮಿ, "ನೋಡು, ಇನ್ನು ಅಲುಗಾಡಲ್ಲ," ಎಂದಳು. ಚೀಲ ಹೆಗಲಿಗೇರಿಸಿಕೊಂಡು ಹೊರಟೇಹೋದಳು.

ಅಣ್ಣ ಎರಡು ವರ್ಷ ಅವಳ ಜೊತೆ ಮಾತು ಬಿಟ್ಟರು. ಆ ಕಾಗದವನ್ನು ಮಾತ್ರ ತೆಗೆಯಲಿಲ್ಲ. ತೆಗೆಯಬೇಕೆಂದು ಎಷ್ಟೋ ಸಲ ಬಗ್ಗಿದ್ದುಂಟು. ಆದರೆ ಮೇಜು ನಿಜಕ್ಕೂ ಅಲುಗಾಡುತ್ತಿರಲಿಲ್ಲ.

*

ವ್ಯಾನಿನಲ್ಲಿ ಪೆಟ್ಟಿಗೆಯ ಒಂದು ಪಕ್ಕ ಅಣ್ಣ, ಇನ್ನೊಂದು ಪಕ್ಕ ಮಗಳು ಕೂತಿದ್ದರು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ಇಪ್ಪತ್ತಾರು ವರ್ಷ. ಮೂರು ವರ್ಷದಲ್ಲಿ ನಾಲ್ಕನೇ ಕೆಲಸವನ್ನು ಹೋದ ವಾರವಷ್ಟೇ ಬಿಟ್ಟು ಬಂದಿದ್ದಳು. ಎಲ್ಲ ಅತ್ತೆಯ ಗಾಳಿ ಎಂದು ಅಣ್ಣನ ದೃಢ ನಂಬಿಕೆ.

ಅವರು ಕೋಟಿನ ಒಳಜೇಬಿನಿಂದ ಒಂದು ಅರ್ಜಿ ತೆಗೆದರು. ಹೆಸರು, ವಿಳಾಸ, ವಿದ್ಯಾಭ್ಯಾಸ, ಎಲ್ಲವನ್ನೂ ತಮ್ಮ ಗುಂಡು ಅಕ್ಷರದಲ್ಲಿ ತಾವೇ ತುಂಬಿದ್ದರು.

"ನಮ್ಮ ಆಫೀಸಿಂದು. ಫೋನ್ ಮಾಡಿ ಎಲ್ಲ ಮಾತಾಡಿದ್ದೀನಿ. ನಿನ್ನ ಸಹಿ ಒಂದೇ ಬಾಕಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೊಡಬೇಕು."

"ಅಪ್ಪಾ, ಇವತ್ತಾ?"

"ಇವತ್ತೇ. ಇವಳನ್ನಂತೂ ತಿದ್ದೋಕಾಗಲಿಲ್ಲ. ಒಂದು ಕಡೆ ಬೇರು ಬಿಡದವರಿಗೆ ಕೊನೆಗೆ ಯಾರಿರ್ತಾರೆ ಹೇಳು? ಸ್ಮಶಾನದಲ್ಲಿ ಚಿಕ್ಕ ಹಾಲೇ ಸಾಕು, ಹದಿನೈದು ಕುರ್ಚಿ ಹಾಕಿ ಅಂದಿದ್ದೀನಿ. ಅಷ್ಟೂ ತುಂಬಲ್ಲ." ಹೇಳುವಾಗ ಅಣ್ಣನ ದನಿ ನಡುಗಿತು. ಅದು ಸಿಟ್ಟಲ್ಲ, ಭಯ. ತಂಗಿ ಒಂಟಿಯಾಗಿ ಬದುಕಿದ್ದಳು. ಖಾಲಿ ಕುರ್ಚಿಗಳ ಮುಂದೆ ಅವಳನ್ನು ಮಲಗಿಸಬೇಕಲ್ಲ ಎಂದು ಎರಡು ದಿನದಿಂದ ಅವರಿಗೆ ನಿದ್ದೆ ಇರಲಿಲ್ಲ.

ಮಗಳು ಅರ್ಜಿಯನ್ನೇ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ನೋಡಿದಳು.

"ಆಯ್ತಪ್ಪ. ಹದಿನೈದರಲ್ಲಿ ಒಂದು ಕುರ್ಚಿ ಖಾಲಿ ಉಳಿದರೂ ಸಹಿ ಮಾಡ್ತೀನಿ."

"ಮಾತು ಕೊಟ್ಟಿದ್ದೀಯ."

"ಕೊಟ್ಟಿದ್ದೀನಿ."

*

ಸ್ಮಶಾನದ ಚಿಕ್ಕ ಹಾಲಿನಲ್ಲಿ ಪೆಟ್ಟಿಗೆಯನ್ನು ಒಂದು ಹಳೆಯ ಮರದ ಮೇಜಿನ ಮೇಲಿಟ್ಟರು. ಇಟ್ಟ ಕೂಡಲೇ ಮೇಜು ಟಕ್ ಎಂದಿತು. ಒಂದು ಕಾಲು ಗಿಡ್ಡ. ಅಣ್ಣ ಆ ಕಾಲನ್ನೇ ನೋಡಿದರು. ಬಂದವರು ಹೂವಿಟ್ಟು ಪೆಟ್ಟಿಗೆ ಮುಟ್ಟಿದಾಗಲೆಲ್ಲ ಟಕ್, ಟಕ್.

ಮುಟ್ಟುವವರು ಬರುತ್ತಲೇ ಇದ್ದರು. ಹತ್ತು ನಿಮಿಷದಲ್ಲಿ ಹದಿನೈದು ಕುರ್ಚಿ ತುಂಬಿದವು. ಇನ್ನು ಹತ್ತು ನಿಮಿಷಕ್ಕೆ ಗೋಡೆಯುದ್ದಕ್ಕೂ ಜನ ನಿಂತರು. ಸಮವಸ್ತ್ರದಲ್ಲೇ ಬಂದ ನರ್ಸುಗಳು, ಅಡಿಗೆಮನೆಯವರು, ವಾರ್ಡಿನವರು. ಹಾಲಿನ ಮೇಲ್ವಿಚಾರಕ ಓಡಿಬಂದು, "ಮೊದಲೇ ಹೇಳಬಾರದಾ ಸಾರ್?" ಎಂದು ಗೊಣಗುತ್ತ ನಡುವಿನ ಜಾರುಗೋಡೆಯನ್ನು ಸರಿಸಿ ಪಕ್ಕದ ದೊಡ್ಡ ಹಾಲನ್ನೂ ತೆರೆದ.

ಅಣ್ಣ ಅರೆಗಳಿಗೆ ಕಕ್ಕಾಬಿಕ್ಕಿಯಾದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಮೂವತ್ತೆಂಟು ವರ್ಷ ಕಡತ ನೋಡಿದ ತಲೆ ಅಷ್ಟು ಬೇಗ ಸೋಲುವುದಿಲ್ಲ.

"ಇವರೆಲ್ಲ ಆಸ್ಪತ್ರೆಯವರು," ಎಂದು ಮಗಳ ಕಿವಿಯಲ್ಲಿ ಹೇಳಿದರು. "ಒಂಬತ್ತನೇ ಕೆಲಸ. ದುರಸ್ತಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತಳಲ್ಲ, ಅದರ ಫಲ. ನಾನು ಹೇಳಿದ್ದೂ ಅದನ್ನೇ!"

"ಅಲ್ಲಿ ಹ್ಯಾಗೆ ಕೂತಳು ಅಂತ ಕೇಳಿದ್ದೀಯಾ? ಲಿಫ್ಟ್ ಕೆಟ್ಟರೂ ಅವಳೇ, ಒಲೆ ಕೆಟ್ಟರೂ ಅವಳೇ, ಬಟ್ಟೆ ಒಗೆಯೋ ಯಂತ್ರ ಕೆಟ್ಟರೂ ಅವಳೇ. ಅದನ್ನೆಲ್ಲ ಎಲ್ಲಿ ಕಲಿತಳು?"

ಅಷ್ಟರಲ್ಲಿ ಬೊಕ್ಕತಲೆಯಾತ ಮುಂದಿನ ಸಾಲಿನಿಂದ ಎದ್ದು ಹಿಂದಕ್ಕೆ ತಿರುಗಿದ. "ಕುರ್ಚಿಯವರು ಯಾರ್ಯಾರು ಬಂದಿದ್ದೀರಪ್ಪ? ನಾನು ನಾಲ್ಕು."

"ನಾನು ಎರಡು. ಬೇಕರಿ," ಎಂದಳು ತುಂಬು ತೋಳಿನ ಒಬ್ಬ ಅಜ್ಜಿ.

"ಮೂರು. ಲಾಂಡ್ರಿ."

"ಐದು ಇಲ್ಲಿದ್ದೀನಿ. ಲಿಫ್ಟ್ ಕಂಪನಿ. ಅಕ್ಕನ ಸ್ಪ್ಯಾನರ್ ಇನ್ನೂ ನನ್ನ ಹತ್ತಿರಾನೇ ಇದೆ."

"ಏನಿದು ಲೆಕ್ಕ?" ಎಂದು ಅಣ್ಣ ಕೇಳಿದರು.

"ಅವರೇ ಇಟ್ಟ ನಂಬರ್ ಸಾರ್," ಬೇಕರಿಯಜ್ಜಿ ಹೇಳಿದಳು. "ಕೆಲಸ ಬಿಡೋ ಮುಂಚೆ ಆ ಜಾಗಕ್ಕೆ ಒಬ್ಬರನ್ನ ಹುಡುಕಿ, ಕಲಿಸಿ, ಕೂರಿಸಿಯೇ ಹೋಗೋರು. 'ನೀನು ನನ್ನ ಎರಡನೇ ಕುರ್ಚಿ ಕಣೇ, ಅಲುಗಾಡಬೇಡ' ಅನ್ನೋರು. ನನಗೆ ಆಗ ಗಂಡ ತೀರಿಕೊಂಡು ಆರು ತಿಂಗಳು. ಹಿಟ್ಟು ಕಲಸೋಕೂ ಬರ್ತಿರಲಿಲ್ಲ. ಮೊದಲ ದಿನ ಎರಡು ತಟ್ಟೆ ಬ್ರೆಡ್ ಸೀಯಿಸಿಬಿಟ್ಟೆ. ತಾನೇ ಸೀಯಿಸಿದ್ದು ಅಂತ ಬೈಸಿಕೊಂಡರು ಪುಣ್ಯಾತ್ಗಿತ್ತಿ."

"ಒಂದನೇದು?" ಯಾರೋ ಕೇಳಿದರು.

"ಗಡಿಯಾರದಂಗಡಿ. ಅಲ್ಲಿ ಕಲಿಸೋಕೆ ಪುರಸೊತ್ತೇ ಕೊಡಲಿಲ್ಲ, ಒದ್ದೋಡಿಸಿದರು!" ಎಂದ ಬೊಕ್ಕತಲೆಯಾತ. ಇಡೀ ಹಾಲು ಗೊಳ್ಳೆಂದು ನಕ್ಕಿತು. ಸಾವಿನ ಮನೆಯ ನಗುವಲ್ಲ ಅದು. ಎಲ್ಲರೂ ಅವಳ ಪಾಲಿಗೆಂದೇ ಎತ್ತಿಟ್ಟಿದ್ದ ನಗು. "ಏಳನೇದು ಪ್ರಿಂಟಿಂಗ್ ಪ್ರೆಸ್ಸು, ಅಗೋ ಅಲ್ಲಿದ್ದಾರೆ. ಎಂಟನೇದು ಹಾಸಿಗೆ ಸೋಫಾ ಅಂಗಡಿ, ಅವರು ಹೋದ ವರ್ಷ ತೀರಿಕೊಂಡರು, ಮಗ ಬಂದಿದ್ದಾನೆ. ಆರು ಯಾರು? ಆರನೇದು ಕಾಣ್ತಿಲ್ಲವಲ್ಲ?"

ಆರನೇದು ಅಣ್ಣನದೇ ಕಚೇರಿ. "ಆರಕ್ಕೆ ಯಾರೂ ಇಲ್ಲ," ಎಂದರು. "ಅಲ್ಲಿ ಹನ್ನೊಂದೇ ವಾರ ಇದ್ದಿದ್ದು. ಯಾರನ್ನೂ ಕೂರಿಸದೆ ಎದ್ದು ಹೋದಳು."

"ಆರು ನಾನು ಸಾರ್."

ಬಾಗಿಲಲ್ಲಿ ನಿಂತವರನ್ನು ನೋಡಿ ಅಣ್ಣ ಬೆಚ್ಚಿದರು. ಟಪಾಲು ವಿಭಾಗದ ಈಗಿನ ಮುಖ್ಯಸ್ಥೆ. ಇಪ್ಪತ್ತೊಂಬತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವರು, ಮಗಳ ಕೆಲಸಕ್ಕೆಂದು ಅಣ್ಣ ಫೋನ್ ಮಾಡಿದ್ದೂ ಇವರಿಗೇ. ಬರುವ ತಿಂಗಳು ನಿವೃತ್ತಿ.

"ನೀವಾ? ನೀವು ನನಗೋಸ್ಕರ ಬಂದಿದ್ದೀರಿ ಅಂದ್ಕೊಂಡೆ."

"ಇಲ್ಲ ಸಾರ್. ಅವರಿಗೋಸ್ಕರ." ಆಕೆ ಹತ್ತಿರ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಟಕ್ ಎಂದಿತು. "ನಾನು ಆಗ ನಿಮ್ಮ ಕಾರಿಡಾರ್ ಗುಡಿಸ್ತಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. ದಿನಾ ಊಟದ ಹೊತ್ತಲ್ಲಿ ಎಲ್ಲರೂ ಹೊರಗೆ ಹೋದಮೇಲೆ ಟೈಪ್ ಕಲಿಸೋರು. ಹನ್ನೊಂದು ವಾರ. ಆ ವರ್ಷ ಕೆಳದರ್ಜೆ ಕೆಲಸದವರು ಗುಮಾಸ್ತರ ಪರೀಕ್ಷೆ ಬರೀಬಹುದಾಗಿತ್ತು, ಆದರೆ ಜಾಗ ಖಾಲಿ ಇದ್ದರೆ ಮಾತ್ರ. ಇದ್ದಿದ್ದು ಒಂದೇ ಜಾಗ. ಅದರಲ್ಲಿ ಅವರೇ ಕೂತಿದ್ದರು."

ಆಕೆ ಅಣ್ಣನ ಕಡೆ ತಿರುಗಿದರು.

"ಬೇಡ ಅಕ್ಕ, ಖಾಯಂ ಕೆಲಸ ಬಿಡಬೇಡಿ ಅಂತ ನಾನು ಅತ್ತುಬಿಟ್ಟೆ. 'ನನಗಿಲ್ಲಿ ಆಕಳಿಕೆ ಬರ್ತಿದೆ, ನಿನಗೆ ಆಸೆ ಬರ್ತಿದೆ. ಆಕಳಿಸೋರು ಏಳಬೇಕು' ಅಂದರು. ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡರು. ಹೇಳಿದರೆ ನೀವು ನನ್ನ ಮುಖ ನೋಡಿದಾಗಲೆಲ್ಲ ತಂಗಿ ಜಾಗ ಕಿತ್ಕೊಂಡವಳು ಅನ್ನಿಸುತ್ತೆ ಅಂತ. ಇವತ್ತು ಆಣೆ ಮುರಿದೆ. ಕ್ಷಮಿಸಿ."

ಒಂದು ದಿನ ಹೇಳ್ತೀನಿ ಎಂದು ತಂಗಿ ಅಂದಿದ್ದಳು. ಪಕ್ಕದ ಮೇಜಿನ ಈಕೆ ತಮ್ಮ ಕಡತದ ಎಷ್ಟು ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿದ್ದರು, ತಮಗೆ ಕಾಯಿಲೆಯಾದಾಗ ಎಷ್ಟು ದಿನ ತಮ್ಮ ಕೆಲಸವನ್ನೂ ಮಾಡಿದ್ದರು, ಎಲ್ಲ ಅಣ್ಣನಿಗೆ ಒಂದೊಂದಾಗಿ ನೆನಪಾಯಿತು. ತಂಗಿ ಅವರ ಪಕ್ಕದಲ್ಲಿ ಇಪ್ಪತ್ತೊಂಬತ್ತು ವರ್ಷಕ್ಕೆ ಆಗುವಂಥವರನ್ನು ಕೂರಿಸಿ ಹೋಗಿದ್ದಳು.

ಈಗ ಮಾತಾಡುವ ಸರದಿ ಅಣ್ಣನದು. ಚೀಟಿಯಲ್ಲಿ ಮೂರು ವಾಕ್ಯ ಬರೆದು ತಂದಿದ್ದರು. ಎರಡನೆಯದು "ಸ್ವಭಾವ ಸ್ವಲ್ಪ ಚಂಚಲ" ಎಂದಿತ್ತು. ಚೀಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ನನ್ನ ತಂಗಿ ಏನು ಮಾಡ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ," ಎಂದರು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. "ಅವಳು ಬಿಟ್ಟುಕೊಟ್ಟ ಜಾಗದಲ್ಲಿ ಕೂತವರು, ಅವಳ ಕೈಲಿ ಕೆಲಸ ಕಲಿತವರು, ದಯವಿಟ್ಟು ಎದ್ದು ನಿಲ್ಲಿ. ನಾನು ಒಂದು ಸಲ ಕಣ್ತುಂಬ ನೋಡ್ತೀನಿ."

ಕುರ್ಚಿಗಳು ಕಿರ್ರೆಂದವು. ಬೇಕರಿ ಎದ್ದಳು, ಲಾಂಡ್ರಿ ಎದ್ದ, ಲಿಫ್ಟ್ ಎದ್ದ, ಪ್ರೆಸ್ಸು ಎದ್ದರು. ಆಸ್ಪತ್ರೆಯವರು ಸಾಲುಸಾಲಾಗಿ ಎದ್ದರು. ಸ್ವಲ್ಪ ಹೊತ್ತಿಗೆ ಕೂತವರನ್ನು ಹುಡುಕಬೇಕಾಯಿತು. ಯಾರೋ ಒಬ್ಬರು ಚಪ್ಪಾಳೆ ಶುರುಮಾಡಿದರು, ನಾಚಿ ನಿಲ್ಲಿಸಿದರು. ಆಗ ಅಣ್ಣನೇ ಜೋರಾಗಿ ತಟ್ಟಿದರು, ಇಡೀ ಹಾಲು ಸೇರಿಕೊಂಡಿತು.

ಸದ್ದು ಇಳಿದ ಮೇಲೆ ಅವರು ಮಗಳನ್ನು ಹತ್ತಿರ ಕರೆದರು.

"ಹೋದ ವಾರ ಬಿಟ್ಟೆಯಲ್ಲ, ಆ ಜಾಗಕ್ಕೆ ಯಾರು ಬಂದರು?"

"ಗೋದಾಮಿನಲ್ಲಿ ಮೂಟೆ ಇಳಿಸ್ತಿದ್ದ ಅಕ್ಕ. ಅವರಿಗೆ ಪೂರ್ತಿ ಕಲಿಸೋಕೆ ಅಂತಲೇ ಎರಡು ವಾರ ಹೆಚ್ಚು ಉಳಿದೆ. ಅತ್ತೆ ಹಾಗೇ ಹೇಳಿಕೊಟ್ಟಿದ್ದು."

"ಮುಂದೆ?"

"ರಂಗಮಂದಿರ. ದೀಪದ ಕೆಲಸ. ಸೋಮವಾರ ಬಾ ಅಂದಿದ್ದಾರೆ. ಹತ್ತಕ್ಕೇ," ಎಂದಳು ಮಗಳು, ಅಪ್ಪನ ಮುಖವನ್ನೇ ನೋಡುತ್ತ.

ಹೊರಗೆ ಪೆಟ್ಟಿಗೆ ಹೊರುವವರು ಕಾಯುತ್ತಿದ್ದರು. ಕೊನೆಯ ಸಲ ಮುಟ್ಟಲು ಜನ ಸಾಲುಗಟ್ಟಿದರು. ಮೇಜು ಟಕ್ ಎಂದಿತು. ಲಿಫ್ಟಿನಾತ ಬಗ್ಗಿ ನೋಡಿ, "ಕಾಲಿನ ಕೆಳಗೆ ಏನಾದ್ರೂ ಇಡಬೇಕು. ಒಂದು ಗಟ್ಟಿ ಕಾಗದ ಇದ್ದರೂ ಸಾಕು," ಎಂದ.

"ಸರೀರಿ. ಇದು ನನಗೆ ಗೊತ್ತಿರೋ ಕೆಲಸ," ಎಂದರು ಅಣ್ಣ.

ಮೇಜಿನ ಅಂಚು ಹಿಡಿದು, ಒಂದೊಂದೇ ಮೊಣಕಾಲೂರಿ ನೆಲಕ್ಕೆ ಇಳಿದರು. ಕೋಟಿನ ಒಳಜೇಬಿನಿಂದ ಅರ್ಜಿಯನ್ನು ತೆಗೆದು, ಗುಂಡು ಅಕ್ಷರಗಳ ಮೇಲೆ ಉಗುರಿನಿಂದ ನೀವಿ ನೀವಿ ನಾಲ್ಕು ಮಡಿಕೆ ಮಾಡಿ, ಗಿಡ್ಡ ಕಾಲಿನಡಿ ತುರುಕಿದರು. ಮಗಳು ಕೈಹಿಡಿದು ಎಬ್ಬಿಸಿದಳು. ಅಣ್ಣ ತಂಗಿಯ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಭಾರ ಬಿಟ್ಟು ಅದುಮಿದರು.

"ನೋಡು," ಎಂದರು. "ಇನ್ನು ಅಲುಗಾಡಲ್ಲ."