ಗಿಟಾರಿನ ಗುಂಯ್‌ಗುಡುವಿಕೆಯನ್ನು ನಿಲ್ಲಿಸುವ ವಿಧಾನಗಳು, ಅಕ್ಕನ ತಕರಾರುಗಳ ಸಹಿತ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ನನಗೂ ಕಥೆಯೊಳಗಿನ ತಮ್ಮನಿಗೂ ಒಮ್ಮತವಿಲ್ಲ. ಸದ್ದಿನಿಂದಲೇ ಶುರು ಮಾಡಿ ಎನ್ನುತ್ತಾನೆ ಅವನು. ಸದ್ದು ಎಂದರೆ ಗುಂಯ್. ಆದರೆ ಮೊದಲ ಸಾಲಿನಲ್ಲೇ ಗುಂಯ್ ಎಂದು ಬರೆದರೆ ಓದುವವರು ಸೊಳ್ಳೆಯ ಕಥೆ ಎಂದುಕೊಂಡು ಪುಟ ತಿರುಗಿಸುತ್ತಾರೆ. ಅವನ ಎಲೆಕ್ಟ್ರಿಕ್ ಗಿಟಾರಿನಿಂದ ಬರುವುದು ಸೊಳ್ಳೆಯ ಸದ್ದಲ್ಲ. ಮುಚ್ಚಿದ ಬಾಗಿಲಿನಾಚೆ ಯಾರೋ ಹಿರಿಯರು ತುಟಿ ಬಿಚ್ಚದೆ ಅಸಮಾಧಾನ ತೋರಿಸುತ್ತಿರುವಂಥ ಸದ್ದು.

ಹೀಗೆ ಉಪಮೆ ಹುಡುಕುತ್ತ ಕೂತರೆ ಸಂಜೆಯಾಗುತ್ತದೆ. ಅಕ್ಕನಿಗೆ ಅಷ್ಟು ಪುರುಸೊತ್ತಿಲ್ಲ.

(ಈ ಡ್ರಾಫ್ಟ್ ಇಲ್ಲಿಗೆ ರದ್ದು. ಉಪಮೆ ಪರವಾಗಿಲ್ಲ ಅನ್ನಿಸಿದ್ದರಿಂದ ಅಳಿಸಿಲ್ಲ. ಕಥೆಗಾರರ ಜಿಪುಣತನ ಎಂದರೆ ಇದೇ.)

೨

ಶನಿವಾರ ಮಧ್ಯಾಹ್ನ, ಅಕ್ಕನ ಮನೆಯ ಮಲಗುವ ಕೋಣೆ. ಹೊರಗಿನ ಸದ್ದು ಒಳಬರದಂತೆ ಕಿಟಕಿಗೆ ಹಾಸಿಗೆ ಒರಗಿಸಿದ್ದಾರೆ. ಬೀರುವಿನ ಬಾಗಿಲು ತೆರೆದು ಅದರೆದುರು ಮೈಕ್ ನಿಲ್ಲಿಸಿದ್ದಾರೆ. ಮಡಿಸಿಟ್ಟ ಬಟ್ಟೆಗಳು ಪ್ರತಿಧ್ವನಿಯನ್ನು ನುಂಗಿಕೊಳ್ಳುತ್ತವಂತೆ. ಮೈಕಿನ ಮುಂದೆ ಅಕ್ಕ. ಬರಿ ಮಂಚದ ಹಲಗೆಯ ಮೇಲೆ ಗಿಟಾರ್ ಹಿಡಿದ ತಮ್ಮ. ಹಾಡು ಇಬ್ಬರೂ ಸೇರಿ ಕಟ್ಟಿದ್ದು. ಹರೆಯದಿಂದಲೂ ಸಣ್ಣಪುಟ್ಟ ವೇದಿಕೆಗಳಲ್ಲಿ ಹಾಡಿಕೊಂಡು ಬಂದಿದ್ದಾರೆ, ಒಮ್ಮೆಯೂ ರೆಕಾರ್ಡ್ ಮಾಡಿಲ್ಲ. ಯಾವಾಗ ಬೇಕಾದರೂ ಮಾಡಬಹುದಿತ್ತಲ್ಲ, ಅದಕ್ಕೆ.

ಸೋಮವಾರ ಅಕ್ಕನ ಗಂಟಲಿನ ಗಂಟು ತೆಗೆಯುವ ಆಪರೇಷನ್. ಆಮೇಲೆ ಧ್ವನಿ ಹೇಗಿರುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು 'ನೋಡೋಣ' ಎಂದರು. ಈಗ ಉಳಿದಿರುವ ಧ್ವನಿಯೂ ಪಾತ್ರೆಯ ತಳದಲ್ಲಿರುವಷ್ಟೇ. ಹಾಡನ್ನು ಒಂದೆರಡು ಸಲ ಪೂರ್ತಿ ಹಾಡಿದರೆ ಗಂಟಲು ಒಡೆಯುತ್ತದೆ, ಆಮೇಲೆ ದಿನವಿಡೀ ಕೈಸನ್ನೆ.

ಆದ್ದರಿಂದ ಇವತ್ತೇ ಆಗಬೇಕು. ಅಕ್ಕ ಬಿಸಿನೀರು ಕುಡಿದು, ಉಸಿರೆಳೆದು, ಮೊದಲ ಸಾಲು ಹಾಡಿದಳು. ತಮ್ಮ ಕೈಯೆತ್ತಿದ.

"ಇರಕ್ಕ. ಗುಂಯ್ ಅಂತಿದೆ."

"ನಾನಾ?"

"ನೀನಲ್ಲ, ಗಿಟಾರು."

"ಹಾಗಾದ್ರೆ ಆಪರೇಷನ್ ಅದಕ್ಕೇ ಮಾಡ್ಸು. ನಾನು ಹಾಡ್ತಿರ್ತೀನಿ."

೩

ತಮ್ಮನ ಕಸುಬು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವುದು. ಗಿರಾಕಿ "ಚೆನ್ನಾಗಿ ಕಾಣ್ತಿದೆ" ಎಂದು ಎದ್ದುನಿಂತರೂ ಬಿಡುವವನಲ್ಲ. ಮತ್ತೆ ಕೂರಿಸಿ, ಗಾಜು ಒರೆಸಿ, ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರಗಳನ್ನು ಓದಿಸುತ್ತಾನೆ. ಅಂಥವರು ಗಿಟಾರ್ ಹಿಡಿದರೆ ಏನಾಗುತ್ತದೆಯೋ ಅದೇ ಆಯಿತು.

ಮೊದಲು ಕೇಬಲ್ ಬದಲಾಯಿಸಿದ. ಗುಂಯ್. ಟ್ಯೂಬ್‌ಲೈಟ್ ಆರಿಸಿದ. ಗುಂಯ್. ಎಲ್ಲರ ಮೊಬೈಲುಗಳನ್ನೂ ಸ್ನಾನದ ಮನೆಯಲ್ಲಿಟ್ಟು ಬಂದ. ಆಂಪ್ಲಿಫೈಯರಿನ ಪ್ಲಗ್ ಕಿತ್ತು ಹಾಲ್‌ನಿಂದ ಬೇರೆ ಲೈನ್ ಎಳೆದ. ಗುಂಯ್, ಈಗ ಇನ್ನಷ್ಟು ಆತ್ಮವಿಶ್ವಾಸದಿಂದ. ಗಿಟಾರ್ ಯಾವ ದಿಕ್ಕಿಗೆ ತಿರುಗಿದೆ ಎನ್ನುವುದರ ಮೇಲೂ ಸದ್ದು ಏರಿಳಿಯುತ್ತದೆಂದು ಎಲ್ಲೋ ಕೇಳಿದ್ದ. ಸಿಗ್ನಲ್ ಹುಡುಕುವವನಂತೆ ಕೂತಲ್ಲೇ ಸುತ್ತಿ ಸುತ್ತಿ, ಕೊನೆಗೆ ಗೋಡೆಗೆ ಮುಖ, ಅಕ್ಕನಿಗೆ ಬೆನ್ನು ಮಾಡಿದಾಗ ಸದ್ದು ಅತಿ ಕಡಿಮೆ ಎಂದು ಕಂಡುಹಿಡಿದ. ಅಕ್ಕನ ಮುಖ ನೋಡದೆ ಅವಳ ಹಾಡಿಗೆ ನುಡಿಸುವುದು ಅವನಿಗೆ ಗೊತ್ತಿರಲಿಲ್ಲ. ಮೊದಲ ತಿರುವಿನಲ್ಲೇ ಅವಳೊಂದು ದಾರಿ, ಇವನೊಂದು ದಾರಿ. ಅಷ್ಟರಲ್ಲಿ ಅವಳ ಧ್ವನಿಯಿಂದ ಒಂದು ಪಲ್ಲವಿಯಷ್ಟು ಖರ್ಚಾಗಿತ್ತು.

"ಭಾವ, ಫ್ರಿಜ್ ಆರಿಸ್ತೀರಾ?" ಎಂದು ಕೂಗಿದ.

ಭಾವ, ಅಂದರೆ ಅಕ್ಕನ ಗಂಡ, ಹಾಲ್‌ನಲ್ಲಿ ಮ್ಯೂಟ್ ಮಾಡಿದ ಟಿವಿ ನೋಡುತ್ತಿದ್ದರು. "ಫ್ಯಾನ್ ಆರಿಸಿದೆ, ಫ್ರಿಜ್ ಆರಿಸಿದೆ, ಈಗ ಟಿವೀನೂ ಆರಿಸ್ತೀನಿ. ಇನ್ನು ಉಳಿದಿರೋನು ನಾನೊಬ್ಬ. ನನ್ನ ಸ್ವಿಚ್ ಎಲ್ಲಿದೆ ಅಂತ ನಿಮ್ಮಕ್ಕನ್ನ ಕೇಳು, ಅವಳಿಗೆ ಗೊತ್ತು."

(ಇಲ್ಲಿ ಕಥೆ ಸ್ವಲ್ಪ ಹೊತ್ತು ನಿಂತಿತ್ತು. ನನ್ನ ಮಗಳ ಶಾಲೆಯ ಬೂಟಿಗೆ ಪಾಲಿಶ್ ಹಾಕುವುದಿತ್ತು. ಬರಹಗಾರರಿಗೆ ಏಕಾಂತ ಅತ್ಯಗತ್ಯ ಎಂದು ಭಾಷಣ ಮಾಡುವವರ ಬೂಟಿಗೆ ಬೇರೆ ಯಾರೋ ಪಾಲಿಶ್ ಹಾಕಿರುತ್ತಾರೆ.)

೫

(ನಾಲ್ಕನೆಯದನ್ನು ಅಕ್ಕ ತೆಗೆಸಿದಳು. ಅದರಲ್ಲಿ ಅವಳು ಕನ್ನಡಿಯ ಮುಂದೆ ನಿಂತು ತನ್ನ ಗಂಟಲನ್ನು ಸವರಿಕೊಳ್ಳುತ್ತ ಬಾಲ್ಯವನ್ನು ನೆನೆಯುತ್ತಿದ್ದಳು.

"ನಾನು ಹಾಗೆ ಯಾವತ್ತು ಮಾಡಿದೀನ್ರೀ?" ಎಂದು ಕೇಳಿದಳು.

"ಓದುವವರಿಗೆ ನಿಮ್ಮ ಒಳಗು ಗೊತ್ತಾಗಬೇಕಲ್ಲ."

"ನನ್ನ ಒಳಗೆ ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿ ಆಗಿದೆ. ನಿಮ್ಮದೊಂದು ಬಾಕಿಯಿತ್ತಾ?")

ಅಕ್ಕನ ಕೆಲಸದ ಬಗ್ಗೆ ಹೇಳಬೇಕು. ನೀರು ಸರಬರಾಜಿನ ಕಚೇರಿಯಲ್ಲಿ ಫೋನಿನ ಮೇಲೆ ದೂರು ಕೇಳಿಸಿಕೊಳ್ಳುವವಳು ಅವಳು. ನಲ್ಲಿಯಲ್ಲಿ ನೀರಿಲ್ಲ, ರಸ್ತೆಯ ತುಂಬ ನೀರು, ನೀರಿಗೆ ವಾಸನೆ. ಎಲ್ಲರೂ ಅವಳ ಮೇಲೆಯೇ ಕೂಗಾಡುತ್ತಾರೆ, ಅವಳು ಎಲ್ಲರಿಗೂ ಒಂದೇ ತಾಳ್ಮೆಯಲ್ಲಿ ಉತ್ತರಿಸುತ್ತಾಳೆ. ಹಾಡಿ ಹಾಡಿ ಗಂಟಲು ಕೆಟ್ಟಿತೆಂದು ನಾನು ಬರೆಯಬೇಕೆಂದಿದ್ದೆ. ಕೆಟ್ಟದ್ದು "ದಯವಿಟ್ಟು ಲೈನಿನಲ್ಲೇ ಇರಿ" ಎಂದು ಹೇಳಿ ಹೇಳಿ.

ಆ ಅನುಭವವನ್ನೇ ಈಗ ತಮ್ಮನ ಮೇಲೆ ಪ್ರಯೋಗಿಸಿದಳು.

"ನಿಮ್ಮ ದೂರು ದಾಖಲಾಗಿದೆ ಸಾರ್. ತೊಂದರೆ ಯಾವಾಗಿಂದ?"

"ತಮಾಷೆ ಬೇಡಕ್ಕ."

"ಯಾವಾಗಲೂ ಬರತ್ತಾ, ಕೆಲವು ಹೊತ್ತಲ್ಲಿ ಮಾತ್ರ ಬರತ್ತಾ? ಯೋಚಿಸಿ ಹೇಳಿ ಸಾರ್."

ತಮ್ಮ ಯೋಚಿಸಿದ. ನುಡಿಸುವಾಗ ಇರುವುದಿಲ್ಲ. ಅಕ್ಕ ಒಬ್ಬಳೇ ಹಾಡುವ ಸಾಲುಗಳಲ್ಲಿ ಮಾತ್ರ ಬರುತ್ತದೆ.

"ಆಗ ನೀನೇನು ಮಾಡ್ತಿರ್ತೀಯ?"

ಆಗ ಅವನು ಕೈ ಎತ್ತಿರುತ್ತಾನೆ. ಮೊದಲ ವೇದಿಕೆಯಿಂದಲೂ ಬಂದ ಅಭ್ಯಾಸ: ಅಕ್ಕನ ಸಾಲು ಬಂದಾಗ ಎರಡೂ ಕೈಗಳನ್ನು ತಂತಿಯಿಂದ ತೆಗೆದು, ಗಾಳಿಯಲ್ಲಿ ಹಿಡಿದು, ಈಗ ಇವಳನ್ನು ಕೇಳಿ ಎಂಬಂತೆ ಜನರತ್ತ ನೋಡುತ್ತಾನೆ. ಚಪ್ಪಾಳೆ ಬೀಳುತ್ತಿದ್ದದ್ದು ಅಲ್ಲೇ. ತನ್ನ ಜೀವಮಾನದ ವಿನಯವನ್ನೆಲ್ಲ ಅವನು ಆ ಒಂದು ಭಂಗಿಯಲ್ಲಿ ಹಾಕಿದ್ದ.

"ಕೈ ಎತ್ತಬೇಡ. ಹಾಡು ಮುಗಿಯೋವರೆಗೂ ತಂತಿ ಮೇಲೇ ಇಟ್ಕೊಂಡಿರು," ಎಂದಳು ಅಕ್ಕ.

ಕೈಯಿಟ್ಟ. ಗುಂಯ್ ನಿಂತಿತು. ಎತ್ತಿದ. ಬಂತು. ಇಟ್ಟ. ನಿಂತಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅವರಿಬ್ಬರೂ ಹಾಡಿ, ಕಾಫಿ ಕುಡಿಯಬಹುದಿತ್ತು, ನಾನೂ ಮಲಗಬಹುದಿತ್ತು. ಆದರೆ ಇಷ್ಟು ಅಗ್ಗದ ಪರಿಹಾರವನ್ನು ಒಪ್ಪುವುದು ತಮ್ಮನ ಜಾಯಮಾನದಲ್ಲಿಲ್ಲ. ತಾನು ಅಕ್ಕನಿಗೆಂದು ಬಿಟ್ಟುಕೊಟ್ಟ ಜಾಗದಲ್ಲೇ ಇಷ್ಟು ವರ್ಷ ಗುಂಯ್ ಎನ್ನುತ್ತಿತ್ತೆಂದು ಒಪ್ಪುವುದಾದರೂ ಹೇಗೆ? "ಇದು ರೋಗದ ಲಕ್ಷಣ ಅಷ್ಟೇ, ಮೂಲ ಒಳಗಿದೆ," ಎಂದು ಕನ್ನಡಕದ ಸ್ಕ್ರೂಡ್ರೈವರ್ ತೆಗೆದು ಗಿಟಾರಿನ ಹಿಂಬದಿಯ ಮುಚ್ಚಳ ಬಿಚ್ಚಿದ.

ಒಳಗೆ, ತಂತಿಗಳನ್ನು ಅರ್ಥಿಂಗಿಗೆ ಜೋಡಿಸುವ ಕೂದಲೆಳೆಯಂಥ ಒಂದು ವೈರು. ಕೈ ಇಟ್ಟರೆ ಗುಂಯ್ ನಿಲ್ಲುತ್ತಿದ್ದದ್ದು ಅದರ ದಯೆಯಿಂದ. ಗಟ್ಟಿಯಾಗಿದೆಯೋ ಇಲ್ಲವೋ ನೋಡೋಣವೆಂದು ಅದನ್ನು ಮೆಲ್ಲಗೆ ಎಳೆದ.

ಗಟ್ಟಿಯಾಗಿರಲಿಲ್ಲ.

(ಅದನ್ನು ಕಿತ್ತದ್ದು ನಾನೇ ಎಂದು ಅಕ್ಕನ ಆರೋಪ. "ಕಥೆಗೆ ತಿರುವು ಬೇಕಿತ್ತು, ಅವನ ಕೈ ಹಿಡಿದು ಎಳೆಸಿದ್ರಿ." ಅವನಾಗಿಯೇ ಎಳೆದ ಎಂದೆ. "ಎಲ್ಲರೂ ಹಾಗೇ ಹೇಳೋದು," ಎಂದಳು.)

೬

ಈಗ ಕೈ ಇಟ್ಟರೂ ಗುಂಯ್, ಎತ್ತಿದರೂ ಗುಂಯ್. ಮನೆಯಲ್ಲಿ ಬೆಸುಗೆ ಹಾಕುವ ಸಾಮಾನಿಲ್ಲ. ಭಾವ ಬಂದು ಮುರಿದ ತುದಿಯನ್ನು ಬೆರಳಿನಿಂದ ಲೋಹಕ್ಕೆ ಒತ್ತಿ ಹಿಡಿದರು. ಗುಂಯ್ ನಿಂತಿತು, ಆದರೆ ಬೆರಳು ಅಲುಗಿದಾಗಲೆಲ್ಲ ಆಂಪ್ಲಿಫೈಯರಿನಲ್ಲಿ ಪಟಾರ್.

"ಉಸಿರು ಬಿಗಿಹಿಡೀರಿ ಭಾವ."

"ಹಾಡು ಎಷ್ಟು ಉದ್ದ ಇದೆಯಪ್ಪ? ಸೋಮವಾರ ಆಸ್ಪತ್ರೇಲಿ ಇನ್ನೊಂದು ಬೆಡ್ ಹೇಳಿರ್ತೀನಿ."

ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಬೇಗ ನಿಲ್ಲಲಿಲ್ಲ. ಭಾವ ವೈರು ಬಿಟ್ಟು ಬಿಸಿನೀರು ತರಲು ಹೋದರು. ತಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟ.

ಓದುಗರೇ, ನಾನು ಮೂರು ಅಂತ್ಯಗಳನ್ನು ಸಿದ್ಧಮಾಡಿಟ್ಟುಕೊಂಡಿದ್ದೆ. ಕದ್ದುಮುಚ್ಚಿ ಏನೂ ಇಲ್ಲ, ನೋಡಿ.

ಒಂದು: ಅಕ್ಕ ಆ ಗುಂಯ್ ಸದ್ದನ್ನೇ ಶ್ರುತಿಯಾಗಿ ಹಿಡಿದು ಹಾಡುತ್ತಾಳೆ. ದೋಷವೇ ನಾದವಾಗುತ್ತದೆ. ವಿಮರ್ಶಕರು ಕಣ್ಣೊರೆಸಿಕೊಳ್ಳುತ್ತಾರೆ. ಅಕ್ಕ ಪ್ರಯತ್ನಿಸಿಯೂ ನೋಡಿದಳು. ಗುಂಯ್ ಅವಳ ಷಡ್ಜಕ್ಕಿಂತ ಮೇಲೆ, ರಿಷಭಕ್ಕಿಂತ ಕೆಳಗೆ, ಎರಡರ ನಡುವಿನ ಬೇಲಿಯ ಮೇಲೆ ಕೂತಿತ್ತು. "ಕರೆಂಟಿನವರಿಗೆ ಸಂಗೀತ ಬರಲ್ಲ," ಎಂದಳು.

ಎರಡು: ರೆಕಾರ್ಡ್ ಮಾಡಿಕೊಂಡು ಆಮೇಲೆ ಕಂಪ್ಯೂಟರಿನಲ್ಲಿ ಗುಂಯ್ ತೆಗೆಯುವುದು. ತಮ್ಮ ಅದನ್ನೂ ಮೊದಲ ಸಾಲಿನ ಮೇಲೆ ಮಾಡಿ ಕೇಳಿಸಿದ. ಗುಂಯ್ ಹೋಗಿತ್ತು. ಅದರ ಜೊತೆ ಅಕ್ಕನ ಧ್ವನಿಯ ಒರಟೂ ಹೋಗಿ, ಬಕೆಟ್ಟಿನೊಳಗೆ ತಲೆಯಿಟ್ಟು ಯಾರೋ ಅಪರಿಚಿತೆ ಹಾಡಿದಂತಿತ್ತು. "ಇವಳು ಯಾರು? ಇವಳಿಗೆ ಗಂಟಲು ಸರಿಯಿದೆಯಲ್ಲ," ಎಂದಳು ಅಕ್ಕ. ಫೈಲ್ ಡಿಲೀಟ್.

ಮೂರು: ತಮ್ಮ ಕೊನೆಗೂ ಗುಂಯ್ ನಿಲ್ಲಿಸುತ್ತಾನೆ. ಕೋಣೆ ಗಾಜಿನಷ್ಟು ಸ್ವಚ್ಛ. ಅಕ್ಕ ಬಾಯಿ ತೆರೆಯುತ್ತಾಳೆ. ಧ್ವನಿ ಬರುವುದಿಲ್ಲ.

ಇದು ನನ್ನ ಮೆಚ್ಚಿನದು. ಇದಕ್ಕೆ ಅಕ್ಕನಿಗೆ ಸಿಟ್ಟು ಬಂತು.

"ನಿಮಗೊಂದು ಒಳ್ಳೆಯ ಕೊನೆ ಬೇಕು ಅಂತ ನನ್ನ ಗಂಟಲು ಕಿತ್ಕೋತೀರಾ? ಅವನು ವೈರು ಕಿತ್ತ, ಡಾಕ್ಟರು ಗಂಟು ಕೀಳ್ತಾರೆ, ನೀವು ಧ್ವನೀನೇ ಕೀಳೋಕೆ ಹೊರಟಿದ್ದೀರಿ. ಡಾಕ್ಟರಾದ್ರೂ ಸಹಿ ಹಾಕಿಸ್ಕೊಂಡು ಕೀಳ್ತಾರೆ."

ನಾನು ಮೂರನೆಯದನ್ನು ಹೊಡೆದುಹಾಕಿದೆ. ಮನಸ್ಸಿಲ್ಲದೆ.

೭

"ರೆಕಾರ್ಡ್ ಒತ್ತು," ಎಂದಳು ಅಕ್ಕ.

"ಗುಂಯ್ ಅಂತಿದೆಯಲ್ಲಕ್ಕ."

"ಅನ್ನಲಿ. ಇನ್ನು ಒಂದು ಸಲಕ್ಕೆ ಮಾತ್ರ ಇದೆ ನನ್ನ ಹತ್ರ. ಅದನ್ನ ನಿನ್ನ ಸ್ಕ್ರೂಗೆ ಕೊಡ್ಲಾ, ಹಾಡಿಗೆ ಕೊಡ್ಲಾ, ನೀನೇ ಹೇಳು."

ತಮ್ಮ ರೆಕಾರ್ಡ್ ಗುಂಡಿ ಒತ್ತಿದ.

ಅಕ್ಕ ಹಾಡಿದಳು, ತಮ್ಮ ನುಡಿಸಿದ. ಗುಂಯ್ ಜೊತೆಗಿತ್ತು, ಕರೆಯದೆ ಬಂದ ನೆಂಟನಂತೆ, ಎಲ್ಲರ ನಡುವೆ ಕಾಲು ಚಾಚಿ. ಎರಡನೆಯ ಚರಣದಲ್ಲಿ ಧ್ವನಿ ಒಡೆಯಿತು. ತಮ್ಮನ ಬಾಯಿ "ಸ್ಟಾಪ್" ಎನ್ನಲು ತೆರೆಯಿತು. ಮುಚ್ಚಿತು. ಒಡೆದ ಕಡೆಯಿಂದಲೇ ಅವಳು ಮುಂದೆ ಹೋದಳು, ಕಲ್ಲುದಾರಿಯಲ್ಲಿ ಚಪ್ಪಲಿ ಕಿತ್ತುಹೋದವರು ಅದನ್ನು ಕೈಯಲ್ಲಿ ಹಿಡಿದು ನಡೆಯುವಂತೆ. ಕೊನೆಯ ಸಾಲು ಹಾಡಲಿಲ್ಲ, ಹೇಳಿದಳು. ಹಾಡು ಮುಗಿಯಿತು.

ಗುಂಯ್ ಮುಗಿಯಲಿಲ್ಲ. ತಮ್ಮ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದ, ಒತ್ತಿರಲಿಲ್ಲ.

"ಬಂತಾ?" ಅಕ್ಕನ ಧ್ವನಿಯಲ್ಲಿ ಮರಳು.

"ಬಂತು."

"ಮತ್ತೆ ನಿಲ್ಸು."

"ನಿಲ್ಸ್ತೀನಿ. ನೀನು ಏನಾದ್ರೂ ಮಾತಾಡು."

"ಹಾಡು ಆಯ್ತಲ್ಲೋ. ಇನ್ನೇನು ಮಾತಾಡ್ಲಿ?"

"ಏನಾದ್ರೂ. ಬೈ."

"ಡಾಕ್ಟರು ಮಾತು ಕಮ್ಮಿ ಮಾಡಿ ಅಂದಿದಾರೆ."

"ಕಮ್ಮೀನೇ ಬೈ."

ಸೋಮವಾರದ ಬಗ್ಗೆ ನನ್ನನ್ನು ಕೇಳಬೇಡಿ. ಬರೆದರೆ ಅದು ಆಗಿಬಿಡುತ್ತದೆ; ನಾನು ಶನಿವಾರಕ್ಕಿಂತ ಮುಂದೆ ಬರೆಯುವುದಿಲ್ಲ. ಭಾವ ಬಿಸಿನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ, ಒಳಗೆ ಬಂದರೆ ಸದ್ದಾದೀತೆಂದು. ರೆಕಾರ್ಡಿಂಗ್ ಓಡುತ್ತಿದೆ. ಅಕ್ಕ ಬೈಯಲು ಶುರು ಮಾಡಿದ್ದಾಳೆ:

"ಬೈಯೋಕೇನು, ಬೆಳಗಾಗೋವರೆಗೂ ಬೈತೀನಿ. ಸ್ಕ್ರೂಗಳನ್ನೆಲ್ಲ ಮಂಚದ ಮೇಲೆ ಹರಡಿದೀಯ, ನಿಮ್ಮ ಭಾವ ಅದರ ಮೇಲೇ ಮಲಗೋದು. ಗೋಡೆಗೆ ಬೆನ್ನು ಕೊಟ್ಟು ಕೂತ್ಕೋಬೇಡ, ಸುಣ್ಣ ಹತ್ತತ್ತೆ. ಊಟಕ್ಕೆ ಕರೆದ್ರೆ ಬರಲ್ಲ, ಫೋನ್ ಮಾಡಿದ್ರೆ ಎತ್ತಲ್ಲ, ಎತ್ತಿದ್ರೆ ಅಂಗಡೀಲಿದೀನಿ ಅಂತೀಯ, ಎಲ್ಲರ ಕಣ್ಣು ಸರಿ ಮಾಡ್ತೀಯ, ನಿನ್ನ ಕನ್ನಡಕ ನೋಡ್ಕೋ, ಹೇಗೆ ಸೊಟ್ಟಗಿದೆ, ಬಾ ಇಲ್ಲಿ, ಇನ್ನೂ ಹತ್ರ ಬಾ, ಮತ್ತೆ