ಅಲುಗಾಡದ ಚಿತ್ರ

ನಮ್ಮ ಮನೆಯಲ್ಲಿ ಯಾವ ವಿಡಿಯೊ ತಡವಾದರೂ ತಪ್ಪು ನನ್ನದೇ. ಮಗಳ ಮದುವೆಯಾಗಿ ತಿಂಗಳಾಯಿತು, ವಿಡಿಯೊ ಎಲ್ಲಿ ಎಂದು ಗಿರಾಕಿ ಫೋನಿನಲ್ಲಿ ಕೂಗಾಡಿದರೆ ಮಾವ ನನಗೂ ಕೇಳುವ ಹಾಗೆ ಹೇಳುತ್ತಿದ್ದರು: "ನಾನು ಶೂಟ್ ಮಾಡಿ ಕೊಟ್ಟು ಎಷ್ಟೋ ದಿನ ಆಯ್ತು. ಸೊಸೆ ಕೈಗೆ ಹೋದ್ಮೇಲೆ ಗೊತ್ತಲ್ಲ."

ಸ್ಟುಡಿಯೊ ಅಂದರೆ ಮನೆಯ ಮುಂದಿನ ಕೋಣೆ. ಮಾವ ಶೂಟ್ ಮಾಡುತ್ತಿದ್ದರು, ಗಂಡ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ, ನಾನು ಎಡಿಟ್ ಮಾಡುತ್ತಿದ್ದೆ. ಮಾವನದು ಕಲೆ, ಗಂಡನದು ವ್ಯವಹಾರ, ನನ್ನದು ಮಾತ್ರ ಕಂಪ್ಯೂಟರ್ ಮುಂದೆ ಕೂರುವುದು. ಆದರೂ ಆ ಕುರ್ಚಿ ನನಗೆ ಪ್ರಾಣವಾಗಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ನಾನು ಯಾರ ಸೊಸೆಯೂ ಅಲ್ಲ. ಎಲ್ಲಿ ಕತ್ತರಿಸಬೇಕು, ಯಾರ ಮುಖವನ್ನು ಇನ್ನೊಂದು ಕ್ಷಣ ಉಳಿಸಬೇಕು ಎನ್ನುವುದನ್ನು ನಾನೇ ತೀರ್ಮಾನಿಸುತ್ತಿದ್ದೆ. ಆ ಮನೆಯಲ್ಲಿ ನಾನು ತೀರ್ಮಾನಿಸುತ್ತಿದ್ದದ್ದು ಅದೊಂದೇ.

ತಡವಾಗುವುದಕ್ಕೆ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಮಾವನ ಕೈ ನಡುಗುತ್ತಿತ್ತು. ಕ್ಯಾಮೆರಾದ ಅಂಗೈಯಗಲದ ಪರದೆಯಲ್ಲಿ ಅದು ಕಾಣುತ್ತಿರಲಿಲ್ಲ. ನನ್ನ ಮಾನಿಟರಿನಲ್ಲಿ ಮದುಮಗಳ ಮುಖ ಬಸ್ಸಿನ ಕಿಟಕಿಯ ಗಾಜಿನಂತೆ ಗಡಗಡ ಅನ್ನುತ್ತಿತ್ತು. ಸ್ಟ್ಯಾಂಡಿನ ಮೇಲಿಡಿ ಎಂದು ಒಮ್ಮೆ ಹೇಳಿದ್ದಕ್ಕೆ "ಸ್ಟ್ಯಾಂಡು ಕೈಲಾಗದವರಿಗೆ" ಎಂದು ಮೂಗು ಮುರಿದಿದ್ದರು. ಹಾಗಾಗಿ ಪ್ರತಿಯೊಂದು ತುಣುಕಿಗೂ ನಡುಕ ತೆಗೆಯುವ ಎಫೆಕ್ಟ್ ಹಾಕುತ್ತಿದ್ದೆ. ಸಾಫ್ಟ್‌ವೇರ್ ಒಂದೊಂದೇ ಫ್ರೇಮನ್ನು ನೋಡಿ, ಎಷ್ಟು ಅಲುಗಿದೆ ಎಂದು ಅಳೆದು, ಅಷ್ಟನ್ನು ಸರಿಸಿ ಕೂರಿಸಬೇಕು. ನಮ್ಮ ಹಳೆಯ ಕಂಪ್ಯೂಟರ್ ಅದಕ್ಕೆ ಏದುಸಿರು ಬಿಡುತ್ತಿತ್ತು. ಅರ್ಧಕ್ಕೆ ನಿಂತುಬಿಟ್ಟರೆ ಮತ್ತೆ ಮೊದಲಿಂದ. ಮೊದಮೊದಲು ಕನಿಕರಕ್ಕೆ ಹೀಗೆ ಮಾಡುತ್ತಿದ್ದೆ, ಆಮೇಲೆ ಬಾಯಿಬಿಟ್ಟರೆ ಮನೆಯಲ್ಲಿ ರಾದ್ಧಾಂತವಾಗುತ್ತದೆ ಎಂದು ಸುಮ್ಮನಾದೆ. ಮುಗಿದ ವಿಡಿಯೊ ನೋಡಿ ಜನ ಮಾವನ ಕೈಯನ್ನು ಹೊಗಳುತ್ತಿದ್ದರು. ಮಾವ ಅದನ್ನು ನಂಬಿಯೇ ಬಿಟ್ಟಿದ್ದರು.

ಮಾವನಿಗೆ ಹೊಸ ಕ್ಯಾಮ್‌ಕಾರ್ಡರ್ ಬೇಕಾಗಿತ್ತು, ನನಗೆ ಹೊಸ ಕಂಪ್ಯೂಟರ್. ಎರಡಕ್ಕೂ ಆಗುವಷ್ಟು ದುಡ್ಡು ಕೈಯಲ್ಲಿರಲಿಲ್ಲ.

"ಗಾಡಿ ಬದಲಾಯಿಸಿದ್ರೆ ಓಡಿಸೋರು ಬದಲಾಗ್ತಾರಾ?" ಎಂದರು ಮಾವ, ಊಟಕ್ಕೆ ಕೂತಾಗ. "ಕ್ಯಾಮೆರಾನೇ ತಗೊಳ್ಳೋಣ. ಎಡಿಟಿಂಗ್ ಹೊರಗಡೆ ಕೊಟ್ಟುಬಿಡೋಣ. ಇವಳು ಒಳಗಿನ ಕೆಲಸ ನೋಡ್ಕೊಳ್ಳಲಿ."

ಗಂಡ ತಟ್ಟೆಯಿಂದ ತಲೆ ಎತ್ತದೆ ಹೂಂ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಕ್ಯಾಮೆರಾ ತರಲು ನಾನೂ ಬರುತ್ತೇನೆ ಎಂದೆ.

ಮೂವರೂ ಹೋದೆವು. ಅಂಗಡಿಯವನು ಮಾತಿನಮಲ್ಲ. ಒಂದೊಂದೇ ಕ್ಯಾಮೆರಾ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ಮಾವ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿಕೊಂಡರು.

"ಇದು ಫೋರ್‌ಕೆ ಸರ್. ಕೂದಲೂ ಎಣಿಸಬಹುದು."

"ಇದರ ಫೈಲು ನಮ್ಮ ಕಂಪ್ಯೂಟರಲ್ಲಿ ಓಡಲ್ಲ ಮಾವ," ಎಂದೆ.

"ಓಡಿಸೋ ಕೈ ಸರಿ ಇದ್ರೆ ಎಲ್ಲಾ ಓಡತ್ತೆ," ಎಂದರು. ಅಂಗಡಿಯವನು ನಕ್ಕ. ಪಕ್ಕದಲ್ಲಿ ಟೀವಿ ನೋಡುತ್ತಿದ್ದ ಯಾರೋ ದಂಪತಿಯೂ ನಕ್ಕರು.

ಇನ್ನು ಮುಚ್ಚಿಟ್ಟು ಏನು ಭಾಗ್ಯ ಅನ್ನಿಸಿತು. ಅಂಗಡಿಯವನಿಗೆ ಹೇಳಿದೆ: "ಆ ದೊಡ್ಡ ಟೀವಿಗೆ ಜೋಡಿಸಿ ತೋರಿಸಿ. ನಡುಕ ತಡೆಯೋದನ್ನ ಆಫ್ ಮಾಡಿ, ಬರೀ ಲೆನ್ಸ್ ಹೇಗಿದೆ ಅಂತ ನೋಡೋಣ. ಮಾವ, ಬಾಗಿಲ ಹತ್ತಿರ ಬೆಲೆ ಬರೆದಿದೆಯಲ್ಲ, ಅದನ್ನ ಜೂಮ್ ಮಾಡಿ."

ಮಾವ ಕಾಲು ಅಗಲಿಸಿ ಗತ್ತಿನಿಂದ ನಿಂತು ಜೂಮ್ ಮಾಡಿದರು. ಗೋಡೆಯಷ್ಟು ಅಗಲದ ಟೀವಿಯಲ್ಲಿ ಅಂಕಿಗಳು ಕುಣಿದವು. ಒಂದನ್ನೂ ಓದಲಾಗಲಿಲ್ಲ.

"ಇದು ಕೆಟ್ಟಿದೆ," ಎಂದರು. ಅಂಗಡಿಯವನು ಎರಡನೆಯದನ್ನು ಕೊಟ್ಟ. ಅದರಲ್ಲೂ ಅದೇ ಕುಣಿತ. ಪಾಪ, ಅವನೇ ಮುಂದೆ ಬಂದು ನಡುಕ ತಡೆಯುವುದನ್ನು ಆನ್ ಮಾಡಿದ. ಅಂಕಿಗಳು ಕುಣಿಯುವುದನ್ನು ಬಿಟ್ಟು ತೂರಾಡತೊಡಗಿದವು. ಟೀವಿ ನೋಡುತ್ತಿದ್ದ ಹೆಂಗಸು ತನ್ನ ಗಂಡನನ್ನು ಮೊಣಕೈಯಿಂದ ತಿವಿದಳು.

ನನ್ನ ಗಂಡ ಕ್ಯಾಮೆರಾ ಇಸಿದುಕೊಂಡು ತಾನು ಹಿಡಿದ. ಬೆಲೆ ನಿಚ್ಚಳವಾಗಿ ನಿಂತಿತು.

ಮಾವ ಟೀವಿಯನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ನನ್ನತ್ತ ತಿರುಗಿದರು. ಅಲ್ಲಿಯವರೆಗೂ 'ಇವಳು' ಆಗಿದ್ದ ನನ್ನನ್ನು ಅವತ್ತು ಮಗಳೇ ಎಂದರು.

"ಮಗಳೇ, ನೀನು ದಿನಾ ನನ್ನ ಶೂಟಿಂಗ್ ನೋಡ್ತೀಯಲ್ಲ. ನೀನಾದ್ರೂ ಹೇಳು. ಇವತ್ತು ಒಂದಿನ ಹೀಗಾಗಿರೋದು ಅಲ್ವಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಮುಗಿಸುವುದು ಬೇಕಿರಲಿಲ್ಲ.

"ಇಲ್ಲ ಮಾವ. ವರ್ಷಗಟ್ಟಲೆಯಿಂದ ಹೀಗೇ ಇದೆ. ಜನ ಹೊಗಳಿದ ಒಂದೊಂದು ವಿಡಿಯೊನೂ ನಾನು ಕೂತು ನೆಟ್ಟಗೆ ಮಾಡಿದ್ದು. ಆ ಕೈಯಲ್ಲಿ ಹಿಡಿದದ್ದನ್ನ ಹಾಗೇ ಕೊಟ್ಟಿದ್ರೆ ಯಾರೂ ಮನೆ ಬಾಗಿಲಿಗೆ ಬರ್ತಿರಲಿಲ್ಲ."

ಮಾವ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಹೊರಗೆ ಹೋಗಿ ಫುಟ್‌ಪಾತ್ ಮೇಲೆ ನಿಂತರು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

"ತಡ ಆಗ್ತಿದ್ದದ್ದು ಇದಕ್ಕಾ?" ಎಂದು ಗಂಡ ಕೇಳಿದ.

"ಇದಕ್ಕೇ."

"ಕಂಪ್ಯೂಟರ್‌ಗೆ ಏನೂ ಆಗಿಲ್ಲ ಹಾಗಾದ್ರೆ?"

"ಅದಕ್ಕೇನಾಗಿದೆ? ಅಲುಗಾಡದ ವಿಡಿಯೊ ಕೊಟ್ಟು ನೋಡಿ, ಒಂದೇ ದಿನಕ್ಕೆ ಮುಗಿಸಿ ಕೊಡ್ತೀನಿ. ಕಷ್ಟ ಇದ್ದದ್ದು ಈ ನಡುಕ ತೆಗೆಯೋದ್ರಲ್ಲೇ. ಉಳಿದದ್ದು ಮಕ್ಕಳಾಟ." ಎಷ್ಟೋ ವರ್ಷಗಳ ಮೇಲೆ ಗಂಡನ ಎದುರು ತಲೆ ಎತ್ತಿ ಮಾತಾಡಿದ್ದೆ. ಮಾತು ಉದ್ದವಾದದ್ದು ಗೊತ್ತೇ ಆಗಲಿಲ್ಲ.

ಅವನು ದೊಡ್ಡದನ್ನು ಬದಿಗೆ ಸರಿಸಿ, ನಮ್ಮ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡುವಂಥ ಸಾಧಾರಣ ಕ್ಯಾಮೆರಾ ಒಂದನ್ನು ಕಟ್ಟಿಸಿದ.

"ಇನ್ನು ಶೂಟಿಂಗ್ ನಾನೇ ಮಾಡ್ತೀನಿ," ಎಂದ. "ಅಪ್ಪ ಎಡಿಟಿಂಗ್‌ಗೆ ಕೂತ್ಕೊಳ್ಳಲಿ. ಕೆಲಸ ಇಲ್ಲದೆ ಸುಮ್ನೆ ಕೂರಿಸಿದ್ರೆ ಅವರು ಕೊರಗಿಬಿಡ್ತಾರೆ. ಮಕ್ಕಳಾಟ ಅಂದ್ಯಲ್ಲ, ನೀನೇ ಕಲಿಸಿಕೊಡು."

ನಾನು ಬೇಡ ಎಂದೆ. ಕಣ್ಣೀರು ಹಾಕಿ ಗೋಗರೆದೆ. "ಅಪ್ಪನಿಗೆ ನಾಲ್ಕು ಜನರ ಮುಂದೆ ಅಷ್ಟು ಮಾಡಿದ್ದು ಸಾಲದಾ?" ಎಂದು ಅವನು ಬಾಯಿ ಮುಚ್ಚಿಸಿದ.

ಕಲಿಸಿಕೊಟ್ಟೆ. ಅವರ ಕೈಯಲ್ಲಿ ಮೌಸ್ ನಿಲ್ಲದ ಕಡೆ ಕೀಬೋರ್ಡಿನಿಂದಲೇ ಕತ್ತರಿಸುವುದನ್ನು ತೋರಿಸಿದೆ. ಮಗ ಕೈ ಕದಲಿಸದೆ ಹಿಡಿದ ಮದುವೆ ಪರದೆಯ ಮೇಲೆ ನೀರು ಹರಿದ ಹಾಗೆ ಹರಿಯಿತು. ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಮಾವನ ಮೊದಲ ವಿಡಿಯೊ ಸಿದ್ಧವಾಗಿತ್ತು. ಗಂಡ ಬಂದು ನೋಡಿ ಅವರ ಬೆನ್ನು ತಟ್ಟಿದ.

ಮಾವ ಹೆಡ್‌ಫೋನ್ ತೆಗೆದು, ಕುರ್ಚಿಯನ್ನು ಅರ್ಧ ತಿರುಗಿಸಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಗನನ್ನು ಕೇಳಿದರು:

"ಇಷ್ಟಕ್ಕೆ ಇವಳಿಗೆ ವಾರಗಟ್ಟಲೆ ಬೇಕಾಗ್ತಿತ್ತಾ?"